ಅಪ್‌ಡೇಟ್: ನ್ಯೂಯಾರ್ಕ್‌ನಲ್ಲಿ ವಿಶೇಷ ಶಿಕ್ಷಣದ ಲೈಸೆನ್ಸ್, ಭಾರತದ ಪದವಿ ಇದ್ದವರಿಗೆ

ಭಾರತದ ಪದವಿ ಇಟ್ಟುಕೊಂಡು, ಸಂಬಳ ಬಿಡದೆ, ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಯಲ್ಲಿ ವಿಶೇಷ ಶಿಕ್ಷಕರಾಗುವುದು (ಅಂಗವೈಕಲ್ಯ ಇರುವ ಮಕ್ಕಳಿಗೆ ಪಾಠ ಮಾಡುವವರಾಗುವುದು) ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತಿಳಿದದ್ದು ಇಷ್ಟು.

ದಾರಿ ಇದೆ, ಅದು ಟ್ರಾನ್ಸಿಷನಲ್ ಬಿ ಸರ್ಟಿಫಿಕೇಟ್, ಅಂದರೆ ಓದುತ್ತಲೇ ಸಂಬಳದ ಮೇಲೆ ಪಾಠ ಮಾಡಲು ಬಿಡುವ ತಾತ್ಕಾಲಿಕ ಲೈಸೆನ್ಸ್. ಸ್ನಾತಕೋತ್ತರ ಕೋರ್ಸ್‌ಗೆ ಸೇರಿ, ಮೊದಲು 200 ಗಂಟೆಗಳ ಪೂರ್ವತಯಾರಿ ಮುಗಿಸಿ, ಇಎಎಸ್ (ಎಲ್ಲ ಬಗೆಯ ಮಕ್ಕಳಿಗೆ ಕಲಿಸುವ ಕುರಿತ ಪರೀಕ್ಷೆ) ಮತ್ತು ವಿಶೇಷ ಶಿಕ್ಷಣದ ಸಿಎಸ್‌ಟಿ (ವಿಷಯ ಜ್ಞಾನದ ಪರೀಕ್ಷೆ) ಪಾಸಾದರೆ ಹಗಲು ಪಾಠ, ಸಂಜೆ ತರಗತಿ. ಕೋರ್ಸ್ ಬಿಟ್ಟರೆ ಸರ್ಟಿಫಿಕೇಟೂ ಹೋಗುತ್ತದೆ. ಕೆಲಸಕ್ಕೆ ಸೇರುವ ಮುನ್ನವೇ ಇದು ಗೊತ್ತಿರಲಿ. ಹಳಬರು ಹೆದರಿಸುವ ಎಡ್‌ಟಿಪಿಎ (ಪಾಠ ಮಾಡುವ ಕೌಶಲದ ಮೌಲ್ಯಮಾಪನ) 2022ರಲ್ಲೇ ರದ್ದಾಗಿದೆ.

ನಮ್ಮವರು ಸಿಕ್ಕಿಕೊಳ್ಳುವುದು ಅಂಕಪಟ್ಟಿಯಲ್ಲಿ. ವಿಷಯವಾರು ಮೌಲ್ಯಮಾಪನ ವರದಿ, ಅಂದರೆ ಓದಿದ ಒಂದೊಂದು ವಿಷಯವನ್ನೂ ಅಮೆರಿಕದ ಲೆಕ್ಕಕ್ಕೆ ಹೋಲಿಸಿದ ವರದಿ ಬೇಕು. ಒಟ್ಟಾರೆ 'ಪದವಿಗೆ ಸಮ' ಎಂಬ ವರದಿ ಸಾಲದು. ಮೂರು ವರ್ಷದ ಬಿ.ಎಸ್‌ಸಿ. ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವಲ್ಲ ಎಂದು ಬರುವ ಸಾಧ್ಯತೆಯೂ ಇದೆ. ಅಂಕಪಟ್ಟಿ ಇರುವ ವಿಶ್ವವಿದ್ಯಾಲಯದ ಮೊಹರಿನ ಲಕೋಟೆಗೆ ಕಾಯುವುದೇ ದೊಡ್ಡ ವಿಳಂಬ, ಹಾಗಾಗಿ ಅದನ್ನೇ ಮೊದಲು ಕೇಳಿ.

ಉಳಿದವು ಸಣ್ಣವು: ಬೆರಳಚ್ಚು, ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ ತರಬೇತಿ, ಆರು ಗಂಟೆಯ ಡಾಸಾ (ಶಾಲೆಯಲ್ಲಿ ಕಿರುಕುಳ, ತಾರತಮ್ಯ ತಡೆಯುವ ತರಬೇತಿ), ಆಟಿಸಂ ತರಬೇತಿ.

ಕೋರ್ಸ್ ಮುಗಿದ ಮುಂದೆ ಇನಿಷಿಯಲ್ ಸರ್ಟಿಫಿಕೇಟ್, 5 ವರ್ಷಕ್ಕೆ. ಅದರ ಮುಂದಿನ ಹಂತವಾದ ಪ್ರೊಫೆಷನಲ್ ಸರ್ಟಿಫಿಕೇಟ್‌ಗೆ ಮಾಸ್ಟರ್ಸ್ ಜೊತೆ ಮೂರು ವರ್ಷದ ಬೋಧನೆ. ಆಮೇಲೂ ಪ್ರತಿ 5 ವರ್ಷಕ್ಕೆ 100 ಗಂಟೆ ಸಿಟಿಎಲ್‌ಇ, ಅಂದರೆ ಶಿಕ್ಷಕರ ಮುಂದುವರಿದ ತರಬೇತಿ.

ಸಂದರ್ಶನದಲ್ಲಿ ಐಸಿಟಿ (ಇಬ್ಬರು ಶಿಕ್ಷಕರು ಒಟ್ಟಿಗೆ ಕಲಿಸುವ) ತರಗತಿಯೋ 12:1:1 ತರಗತಿಯೋ ಎಂದು ಕೇಳಿಕೊಳ್ಳಿ. ಮೊದಲನೆಯದರಲ್ಲಿ ಸಾಮಾನ್ಯ ಶಿಕ್ಷಕರ ಜೊತೆ ಪಾಠ. ಎರಡನೆಯದರಲ್ಲಿ 12 ಮಕ್ಕಳು, ನೀವು, ಒಬ್ಬ ಸಹಾಯಕರು.