‘ವೈರನ್ನು ಬಾಡಿಗೆ ಕೊಡು’: ಕಾರಿನ ಅರ್ತ್‌ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ನನ್ನ ತಮ್ಮ ಇಂಗ್ಲೆಂಡಿನಲ್ಲಿ ತನ್ನ ಮನೆಯ ಶೆಡ್ಡಿನಲ್ಲಿ ಎರಡು ಸೀಟಿನ ಕಾರೊಂದನ್ನು ಕಟ್ಟುತ್ತಿದ್ದಾನೆ. ಉಕ್ಕಿನ ಕೊಳವೆಗಳ ಚಾಸಿ (ಅಡಿಯ ಚೌಕಟ್ಟು), ಮೇಲೆ ಫೈಬರ್ ಬಾಡಿ, ಹಳೆಯ ಕಾರೊಂದರಿಂದ ಕಳಚಿದ ಎಂಜಿನ್. ಅಲ್ಲಿ ಇದು ವಿಚಿತ್ರವೇನಲ್ಲ. ಸರಕಾರದ ಪರೀಕ್ಷೆಯಲ್ಲಿ ಪಾಸಾದರೆ ನಂಬರ್ ಪ್ಲೇಟು ಸಿಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮೀಟರುಗಳನ್ನು ಕೂರಿಸಿ ವೈರಿಂಗ್ ಮಾಡಿದ ಬಗೆಯನ್ನು ಅವನು ಬರೆದು ಕಳಿಸಿದ್ದಾನೆ. ಅದನ್ನು ಕನ್ನಡಕ್ಕೆ ತರುತ್ತಿರುವ ನಾನು ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕುಳಿತಿದ್ದೇನೆ: ಅರ್ತ್.

‘ಭೂಸಂಪರ್ಕ’ ಮನೆಯ ವೈರಿಂಗಿಗೆ ಸರಿ. ಅಲ್ಲಿ ತಂತಿ ನಿಜವಾಗಿಯೂ ನೆಲದೊಳಕ್ಕೆ ಇಳಿಯುತ್ತದೆ. ಕಾರಿಗೂ ನೆಲಕ್ಕೂ ನಡುವೆ ಇರುವುದು ನಾಲ್ಕು ರಬ್ಬರ್ ಟೈರು. ಬ್ಯಾಟರಿಯ ಮೈನಸ್ಸನ್ನು ಚಾಸಿಗೆ ಬಿಗಿದಿರುತ್ತಾರೆ. ಮೀಟರು, ದೀಪ, ಹಾರ್ನು ಇವುಗಳ ಕರೆಂಟೆಲ್ಲ ಆ ಉಕ್ಕಿನ ಮೂಲಕ ಬ್ಯಾಟರಿಗೆ ವಾಪಸಾಗುತ್ತದೆ. ಮಣ್ಣಿಗೆ ಇಲ್ಲಿ ಕೆಲಸವೇ ಇಲ್ಲ. ಸಾಲದೆಂಬಂತೆ, ಭೂಸಂಪರ್ಕ ಎಂದೊಡನೆ ನಮ್ಮ ಓದುಗ ಹಸಿರು ತಂತಿಯನ್ನು ಹುಡುಕುತ್ತಾನೆ. ಹಳೆಯ ಬ್ರಿಟಿಷ್ ಕಾರುಗಳ ಬಣ್ಣದ ಕ್ರಮದಲ್ಲಿ ಅರ್ತ್ ಕಪ್ಪು. ಹಸಿರು ಎಂದರೆ ಕೀ ತಿರುಗಿಸಿದಾಗ ಫ್ಯೂಸ್ ದಾಟಿ ಕರೆಂಟು ಬರುವ ತಂತಿ. ಅದನ್ನು ಚಾಸಿಗೆ ಸಿಕ್ಕಿಸಿದರೆ ಫ್ಯೂಸು ಸುಟ್ಟುಹೋಗುತ್ತದೆ.

ಅಪ್ಪನನ್ನು ಕೇಳಿದೆ. ಹಾಸನದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು, ಅವರಿಗೆ ಇದರಲ್ಲಿ ಅನುಮಾನವೇ ಇಲ್ಲ: “ಕರಿ ವೈರನ್ನು ಬಾಡಿಗೆ ಕೊಡು.” ಹಾಗೆಯೇ ಬರೆದೆ. ಕರಡು ಓದಿದ ಮಗಳು, “ತಿಂಗಳಿಗೆ ಎಷ್ಟಕ್ಕೆ?” ಎಂದಳು.

ಆ ಗೊಂದಲವನ್ನು ‘ಬಾಡಿ-ಗೆ’ ಎಂದು ನಡುವೆ ಒಂದು ಗೆರೆ ಹಾಕಿ ತಪ್ಪಿಸಬಹುದಿತ್ತು. ಆದರೆ ತಮ್ಮನ ಕಾರಿನಲ್ಲಿ ಆ ಮಾತು ಸುಳ್ಳೇ ಆಗುತ್ತದೆ. ಬಾಡಿ ಫೈಬರಿನದು, ಡ್ಯಾಶ್‌ಬೋರ್ಡು ಪ್ಲೈವುಡ್ಡಿನದು; ಎರಡರಲ್ಲೂ ಕರೆಂಟು ಹರಿಯದು. ಮೊದಲು ಅವನು ಮೀಟರುಗಳನ್ನು ಬರೀ ಸ್ಕ್ರೂ ಬಿಗಿದು ಕೂರಿಸಿದ್ದ, ಒಂದರ ಮುಳ್ಳೂ ಏಳಲಿಲ್ಲ. ಆಮೇಲೆ ಪ್ರತಿ ಮೀಟರಿನ ಬೆನ್ನಿನಿಂದಲೂ ಕಪ್ಪು ತಂತಿ ಎಳೆದು, ಚಾಸಿಯ ಬಣ್ಣ ಕೆರೆದು, ಒಂದೇ ಬೋಲ್ಟಿಗೆ ಬಿಗಿದ. ಆಗ ಮುಳ್ಳುಗಳು ಎದ್ದವು. ಆದರೆ ಹೆಡ್‌ಲೈಟ್ ಹಾಕಿದಾಗಲೆಲ್ಲ ಪೆಟ್ರೋಲಿನ ಮುಳ್ಳು ಜಾಗ ಬದಲಿಸುತ್ತಿತ್ತು. ಆ ಬೋಲ್ಟು ಸಡಿಲವಾಗಿತ್ತಂತೆ.

‘ಮರಳುತಂತಿ’ ಎಂದರೆ ಹೇಗೆ ಎಂದು ಒಂದು ರಾತ್ರಿ ಹೊಳೆದು ಹಿಗ್ಗಿದೆ. ಕರೆಂಟು ಮರಳುವ ತಂತಿ. ಬೆಳಗ್ಗೆ ಎದ್ದು ನೋಡಿದರೆ ಅದು ಹೊಯ್ಗೆಯ ತಂತಿಯಂತೆ ಕಾಣಿಸಿತು. ಮಣ್ಣಿನಿಂದ ತಪ್ಪಿಸಿಕೊಂಡು ಮರಳಿನಲ್ಲಿ ಬಿದ್ದಂತಾಯಿತು. ‘ಒಡಲತಂತಿ’ ಚೆಂದವಿದೆ, ಆದರೆ ಒಡಲು ಎಂದರೂ ಬಾಡಿಯೇ.

ಇನ್ನೊಂದು ಸಣ್ಣ ಪ್ರಶ್ನೆ. ಮೀಟರನ್ನು ‘ಮಾಪಕ’ ಎನ್ನುವುದು ರೂಢಿ. ಆದರೆ ಪೆಟ್ರೋಲನ್ನು ಅಳೆಯುವುದು ಟ್ಯಾಂಕಿನೊಳಗೆ ತೇಲುವ ಫ್ಲೋಟು. ಡ್ಯಾಶ್‌ಬೋರ್ಡಿನಲ್ಲಿರುವುದು ಅದು ಹೇಳಿದ್ದನ್ನು ತೋರಿಸುತ್ತದೆ, ಅಷ್ಟೇ. ಇಬ್ಬರ ಲೆಕ್ಕ ಹೊಂದದಿದ್ದರೆ ಕಷ್ಟ. ಯುರೋಪಿನ ಎಷ್ಟೋ ಫ್ಲೋಟುಗಳು ಟ್ಯಾಂಕು ಖಾಲಿ ಇದ್ದಾಗ 10 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ತುಂಬಿದಾಗ 180 ಓಮ್ ಕೊಡುತ್ತವೆ. ಅಮೆರಿಕದ ಒಂದು ಬಗೆಯ ಮೀಟರಿಗೆ ಖಾಲಿ ಎಂದರೆ 240, ತುಂಬಿದೆ ಎಂದರೆ 33. ನನ್ನ ತಮ್ಮ ಇವೆರಡನ್ನು ಜೋಡಿಸಿದ್ದ; ಟ್ಯಾಂಕು ತುಂಬಿಸಿದ ದಿನ ಮುಳ್ಳು ತಳದ ಹತ್ತಿರ ಮಲಗಿತ್ತು. ಹಾಗಾಗಿ ಮಾಪಕ ಎಂಬುದನ್ನು ಟ್ಯಾಂಕಿನದಕ್ಕೆ ಬಿಟ್ಟು, ಮುಂದಿನದಕ್ಕೆ ‘ಪೆಟ್ರೋಲ್ ಮುಳ್ಳು’ ಎನ್ನಬಹುದೇ? ತಕ್ಕಡಿಗೂ ಗಡಿಯಾರಕ್ಕೂ ಮುಳ್ಳೇ ಇದೆಯಲ್ಲ. ಇಂಗ್ಲಿಷಿನ ‘ಗೇಜು’ ಮಾತ್ರ ಬೇಡ, ತಂತಿಯ ದಪ್ಪದ ಅಳತೆಗೂ ಅದೇ ಪದ. ‘ಗೇಜಿಗೆ 18 ಗೇಜಿನ ತಂತಿ’ ಎಂದು ಬರೆದು ನಾನೇ ಅಳಿಸಿದ್ದೇನೆ.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಅರ್ತ್‌ಗೆ ಏನೆನ್ನುತ್ತಾರೆ? ಕೇಳಿ ಬಲ್ಲವರು ದಯವಿಟ್ಟು ತಿಳಿಸಿ. ಸದ್ಯಕ್ಕೆ ಕರಡಿನಲ್ಲಿ ‘ಚಾಸಿಗೆ ಕೊಡಿ’ ಎಂದು ಇಟ್ಟಿದ್ದೇನೆ. ಅಪ್ಪ ಅದನ್ನು ಇನ್ನೂ ಒಪ್ಪಿಲ್ಲ.