ಇಸ್ರೇಲ್ ಪರ ಮಾತಾಡಿದರೆ ಭಟ್ಕಳದ ಗೆಳೆಯನ ಜೊತೆ ಮಾತು ನಿಲ್ಲಬೇಕಾ?

ಅಡಿಕೆ ಸೋಗೆ (ಶಿರಸಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಶಿರಸಿ ಕಡೆಯ ತೋಟದವ. ಎರಡೂವರೆ ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಅಷ್ಟೇ. ಇಸ್ರೇಲ್ ಬಗ್ಗೆ ನನಗೆ ಮೊದಲಿಂದಲೂ ಒಲವು. ಅದು ರಾಜಕೀಯದಿಂದ ಬಂದದ್ದಲ್ಲ, ಪೈಪಿನಿಂದ ಬಂದದ್ದು. 2011ರಲ್ಲಿ ಅಪ್ಪಯ್ಯನ ಜೊತೆ ಜಗಳ ಮಾಡಿ ಡ್ರಿಪ್ ಹಾಕಿಸಿದೆ. ಜುಲೈನಲ್ಲಿ ತೋಟದೊಳಗೆ ಕಾಲಿಡಲಿಕ್ಕೆ ಆಗದಷ್ಟು ಮಳೆ ಬೀಳುವ ಊರಲ್ಲಿ ಹನಿ ಎಣಿಸಿ ನೀರು ಬಿಡೋದು ಹುಚ್ಚು ಅಂತ ಅವರ ವಾದ. ಏಪ್ರಿಲ್‌ನಲ್ಲಿ ಕೆರೆಯ ತಳ ಕಂಡಿತು ನೋಡಿ, ಅವರೇ ಬೆಳಿಗ್ಗೆ ಎದ್ದು ಒಂದೊಂದೇ ಡ್ರಿಪ್ಪರ್ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಕಟ್ಟಿದ ಕೆಂಪು ಕಿಟ್ಟವನ್ನು ಉಗುರಿನಿಂದ ಕೆರೆಯಲು ಶುರು ಮಾಡಿದರು. ಆಮೇಲೆ ಜಗಳ ಇಲ್ಲ.

ಆ ಹೊತ್ತಿಗೆ ಈ ಹನಿ ನೀರಾವರಿ ಎಲ್ಲಿಂದ ಬಂತು ಅಂತ ಓದುತ್ತಾ ಹೋದೆ. ಸಿಮ್ಖಾ ಬ್ಲಾಸ್ ಅಂತ ಒಬ್ಬ ಎಂಜಿನಿಯರ್. ಸೋರುವ ಪೈಪಿನ ಪಕ್ಕದ ಮರವೊಂದು ಉಳಿದವುಗಳಿಗಿಂತ ದೊಡ್ಡದಾಗಿ ಬೆಳೆದದ್ದು ಅವನ ಕಣ್ಣಿಗೆ ಬಿತ್ತಂತೆ. ಮುಂದೆ 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಅನ್ನುವ ಕಿಬ್ಬುತ್ಸ್‌ನವರು ಅವನ ಜೊತೆ ಸೇರಿ ಕಂಪನಿ ಮಾಡಿದರು. ಕಿಬ್ಬುತ್ಸ್ ಅಂದರೆ ಎಲ್ಲರೂ ಸೇರಿ ದುಡಿದು ಹಂಚಿಕೊಳ್ಳುವ ಊರು. ಆ ದೇಶ ಬಳಸಿದ ಕೊಳಚೆ ನೀರಿನ ಬಹುಪಾಲನ್ನು ಶುದ್ಧ ಮಾಡಿ ಮತ್ತೆ ಹೊಲಕ್ಕೇ ಬಿಡುತ್ತದೆ. ನಾವು ಇಷ್ಟು ಮಳೆ ಇಟ್ಟುಕೊಂಡು ಮೇ ತಿಂಗಳಲ್ಲಿ ಟ್ಯಾಂಕರ್ ಕರೆಸುತ್ತೇವೆ. ಅದಿರಲಿ.

2023ರ ಅಕ್ಟೋಬರ್ 7ಕ್ಕೆ ಗಾಜಾದ ಹಮಾಸ್ ಗುಂಪಿನವರು ಇಸ್ರೇಲ್ ಮೇಲೆ ದಾಳಿ ಮಾಡಿದರಲ್ಲ, ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆಯಾಳಾಗಿ ಎಳೆದುಕೊಂಡು ಹೋದರು. ಅದರಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಅಲುಮಿಮ್ ಕಿಬ್ಬುತ್ಸ್‌ನ ಸುದ್ದಿ. ಕೃಷಿ ಕಲಿಯಲು ಅಂತ ನೇಪಾಳದಿಂದ ಹೋಗಿದ್ದ ಹುಡುಗರು, ಅವರಲ್ಲಿ 10 ಜನ ಅಲ್ಲೇ ಸತ್ತರು. ಅವರಿಗೂ ಆ ಜಗಳಕ್ಕೂ ಏನು ಸಂಬಂಧ? ಅವತ್ತಿನಿಂದ ನಾನು ಇಸ್ರೇಲ್ ಪರವಾಗಿ ಆಗಾಗ ಬರೆಯುತ್ತೇನೆ, ವಾಟ್ಸಾಪ್‌ನಲ್ಲೇ. ಬೈಗುಳ ಇಲ್ಲ, ಓದಿದ್ದನ್ನು ನನ್ನ ಮಾತಲ್ಲಿ ಹಾಕುತ್ತೇನೆ.

ತೊಂದರೆ ಈಗ ಬಂತು. ಕಾರವಾರದಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲ್‌ನಲ್ಲಿ ನನ್ನ ಜೊತೆ ಮೂರು ವರ್ಷ ಒಂದೇ ರೂಮಲ್ಲಿದ್ದವ ಭಟ್ಕಳದವ, ನವಾಯತ, ಅಂದರೆ ಅಲ್ಲಿನ ಮುಸ್ಲಿಂ ಸಮುದಾಯದವ. ಪ್ರತಿ ವರ್ಷ ನಮ್ಮ ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದಾಗ ಒಂದು ಬಾಟ್ಲಿ ಅವನ ಮನೆಗೆ, ರಂಜಾನ್ ಹಬ್ಬಕ್ಕೆ ಅವನ ಮನೆಯಿಂದ ಖರ್ಜೂರ ನಮ್ಮ ಮನೆಗೆ. ನಾನು ಬರೆದ ಒಂದು ಪ್ಯಾರಾವನ್ನು ನಮ್ಮ ನೆಂಟರೊಬ್ಬರು ಮನೆತನದ ಗುಂಪಿನಲ್ಲಿ ಹಾಕಿ, ಮೇಲೆ ಭಟ್ಕಳದ ಬಗ್ಗೆ ಒಂದು ಹೊಲಸು ಸಾಲು ಸೇರಿಸಿದರು. ಅದು ಸುತ್ತಿ ಬಂದು ಹಾಸ್ಟೆಲ್ ಗುಂಪಿಗೂ ಬಿತ್ತು. ಅವನು ನನಗೆ ಒಂದೇ ಮಾತು ಕಳಿಸಿದ, "ನೀನೂನಾ?" ಅಂತ. ಆಮೇಲೆ ಮೂರು ತಿಂಗಳಾಯ್ತು, ಮಾತಿಲ್ಲ. ಈ ಸಲದ ಬಾಟ್ಲಿ ಇನ್ನೂ ಅಟ್ಟದ ಮೇಲೇ ಇದೆ.

ಇಸ್ರೇಲ್ ಪರ ನಿಲ್ಲುವುದನ್ನು ನಾನು ಬಿಡಲ್ಲ, ಅದು ನನ್ನ ಅಭಿಪ್ರಾಯ. ಆದರೆ ಇಲ್ಲಿ ಕೂತು ಅದನ್ನು ಹೇಳೋದು ಹೇಗೆ? ಅನುಭವ ಇದ್ದವರು ಹೇಳಿ.

ಖಡಕ್ ಕಡಲು:

ಮೂರು ತಿಂಗಳು ತಲೆಕೆಡಿಸಿಕೊಂಡಿರಾ? ಬ್ಲಾಕ್ ಮಾಡಿ ಬಿಡಿ. ಯಾರು ನಮ್ಮವರು ಅಂತ ಗೊತ್ತಾಯ್ತಲ್ಲ.

ಕುಡ್ಲೆ ಬದಿ (ಗೋಕರ್ಣ):

ಖಡಕ್ ಅಣ್ಣ, ಇಂಥ ಸಲಹೆ ಕೊಡೋದು ಸುಲಭ, ಮೂರು ವರ್ಷ ಒಂದೇ ಬಕೆಟ್‌ನಲ್ಲಿ ಬಟ್ಟೆ ನೆನೆಸಿದವರು ನೀವಲ್ಲ.

ಸೋಗೆಯವರೇ, ನಾನು ಕುಡ್ಲೆ ಬೀಚಲ್ಲಿ ಹದಿನಾಲ್ಕು ವರ್ಷದಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಸೀಸನ್‌ನಲ್ಲಿ ನನ್ನ ಅರ್ಧ ಗಿರಾಕಿಗಳು ಇಸ್ರೇಲಿನವರು. ಅಲ್ಲಿ ಸೈನ್ಯದ ಕೆಲಸ ಕಡ್ಡಾಯ. ಹುಡುಗರಿಗೆ ಎರಡೂವರೆ ವರ್ಷಕ್ಕೂ ಜಾಸ್ತಿ, ಹುಡುಗಿಯರಿಗೆ ಎರಡು ವರ್ಷ. ಅದು ಮುಗಿದ ಮೇಲೆ ಕೂಡಿಟ್ಟ ದುಡ್ಡು ಹಿಡಿದು ಇಲ್ಲಿಗೆ ಬರುತ್ತಾರೆ. ನಮ್ಮ ಮೆನುವಿನಲ್ಲಿ ಹೀಬ್ರೂ ಅಕ್ಷರ ಇದೆ, ಶಕ್ಷುಕ (ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ) ಇದೆ, ಹಮ್ಮಸ್ (ಕಡಲೆ ಅರೆದು ಮಾಡುವ ಚಟ್ನಿ) ಇದೆ. ಅಡುಗೆ ಮಾಡೋನು ಅಂಕೋಲಾದ ಹುಡುಗ, ಅವನ ಶಕ್ಷುಕಕ್ಕೆ ಒಂದು ಚಿಟಿಕೆ ಮೀನುಸಾರಿನ ಮಸಾಲೆ ಬೀಳುತ್ತದೆ, ಯಾರೂ ಇಲ್ಲಿಯವರೆಗೆ ದೂರು ಕೊಟ್ಟಿಲ್ಲ.

ಎಲ್ಲರೂ ಒಳ್ಳೆಯವರು ಅಂತ ನಾನು ಹೇಳಲ್ಲ. ನೂರು ರೂಪಾಯಿಗೆ ಅರ್ಧ ಗಂಟೆ ಕೊಸರಾಡುತ್ತಾರೆ, ರಾತ್ರಿ ಎರಡಕ್ಕೂ ಹಾಡು ಹಾಕುತ್ತಾರೆ. ಆದರೆ 2023ರ ಆ ಅಕ್ಟೋಬರ್‌ನಲ್ಲಿ ಮಳೆ ಆಗಷ್ಟೇ ಬಿಟ್ಟಿತ್ತು, ನನ್ನಲ್ಲಿ ನಾಲ್ಕೇ ಜನ ಇದ್ದರು. ಶನಿವಾರ ಮಧ್ಯಾಹ್ನ ಒಂದು ಹುಡುಗಿ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಲೇ ಇದ್ದಳು. ನಾನು ಇಟ್ಟ ಲೆಮನ್ ಟೀಯಲ್ಲಿ ಇರುವೆ ತೇಲುತ್ತಿತ್ತು, ಅವಳಿಗೆ ಗೊತ್ತೇ ಇಲ್ಲ. ಮರುದಿನ ಇಬ್ಬರು ಹುಡುಗರು ಬ್ಯಾಗ್ ಕಟ್ಟಿ ಗೋವಾ ವಿಮಾನ ನಿಲ್ದಾಣಕ್ಕೆ ಹೊರಟರು. ಮೀಸಲು ಪಡೆಗೆ ಕರೆ ಬಂದಿತ್ತು. ಆ ಸಲ ಮೂರು ಲಕ್ಷಕ್ಕೂ ಜಾಸ್ತಿ ಜನರನ್ನು ಹಾಗೆ ಕರೆದಿದ್ದರು.

ಇನ್ನೊಂದು ಮಾತು. ನೀವು "ಇಸ್ರೇಲ್ ಪರ" ಅಂತೀರಲ್ಲ, ಯಾವ ಇಸ್ರೇಲ್? ನನ್ನ ಟೇಬಲ್‌ನಲ್ಲೇ ಒಬ್ಬ ಅವರ ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಎದುರಿಗೆ ಕೂತವ ಟೇಬಲ್ ಕುಟ್ಟುತ್ತಾನೆ, ಆಮೇಲೆ ಇಬ್ಬರೂ ಒಂದೇ ಬೈಕ್ ಹತ್ತಿ ಓಂ ಬೀಚಿಗೆ ಹೋಗುತ್ತಾರೆ. ದಾಳಿಗೂ ಮುಂಚೆ, 2023ರಲ್ಲಿ, ನ್ಯಾಯಾಂಗದ ಕಾನೂನು ಬದಲಾಯಿಸೋದು ಬೇಡ ಅಂತ ಅಲ್ಲಿ ಲಕ್ಷಗಟ್ಟಲೆ ಜನ ತಿಂಗಳುಗಟ್ಟಲೆ ಬೀದಿಗಿಳಿದಿದ್ದರು. ನೀವು ಅವರಿಗಿಂತ ದೊಡ್ಡ ಭಕ್ತರಾಗೋದು ಬೇಡ ಮಾರಾಯ್ರೆ.

ಬೈತಖೋಲ್ ಅಜ್ಜ (ಕಾರವಾರ):

ನಾನು ನೌಕಾಪಡೆಯಲ್ಲಿ ಇದ್ದು ನಿವೃತ್ತಿಯಾದವ. ಇಸ್ರೇಲ್ ಪರ ಮಾತಾಡುವ ಹುಡುಗರಲ್ಲಿ ನನಗೆ ಒಂದೇ ತಕರಾರು, ಹಳೇ ಕತೆ ಓದಿರೋದಿಲ್ಲ.

1947ರ ನವೆಂಬರ್ 29ರಂದು ಪ್ಯಾಲೆಸ್ತೀನನ್ನು ಎರಡು ಭಾಗ ಮಾಡುವ ಯೋಜನೆ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ 33 ದೇಶ ಪರ, 13 ವಿರೋಧ. ಆ 13ರಲ್ಲಿ ಭಾರತವೂ ಇತ್ತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟೆವು, ಆದರೆ ಪೂರ್ತಿ ರಾಜತಾಂತ್ರಿಕ ಸಂಬಂಧ ಬಂದದ್ದು 1992ರಲ್ಲಿ. ನಡುವೆ 1988ರಲ್ಲಿ ಪ್ಯಾಲೆಸ್ತೀನ್ ದೇಶಕ್ಕೂ ಮಾನ್ಯತೆ ಕೊಟ್ಟಾಗಿತ್ತು. ಕಾರ್ಗಿಲ್ ಹೊತ್ತಿಗೆ ಇಸ್ರೇಲ್ ಸಾಮಾನು ಕೊಟ್ಟಿತು, ಅದನ್ನು ಸೈನ್ಯದವರು ಮರೆಯಲ್ಲ. ನಮ್ಮ ಯುದ್ಧನೌಕೆಗಳಲ್ಲಿ ಇಸ್ರೇಲ್ ಮೂಲದ ಬರಾಕ್ ಕ್ಷಿಪಣಿ ಇದೆ. ಹಾಗಿದ್ದೂ ನಮ್ಮ ಸರ್ಕಾರ ಇವತ್ತಿಗೂ ಎರಡು ದೇಶ ಆಗಬೇಕು ಅಂತಲೇ ಹೇಳುತ್ತದೆ. ಇಸ್ರೇಲ್ ಸ್ನೇಹಿತ ಅಂದ ಕೂಡಲೇ ಪ್ಯಾಲೆಸ್ತೀನಿನವ ವೈರಿ ಆಗಬೇಕು ಅನ್ನೋದು ದೆಹಲಿಯ ನಿಲುವೇ ಅಲ್ಲ. ಅದು ಮೊಬೈಲಿನ ನಿಲುವು.

ಹೇಳಲೇಬೇಕು ಅಂದರೆ ಹೈಫಾ ಕತೆ ಹೇಳಿ. 1918ರ ಸೆಪ್ಟೆಂಬರ್ 23. ಮೊದಲ ಮಹಾಯುದ್ಧದ ಕಾಲ. ಹೈಫಾ ಈಗ ಇಸ್ರೇಲಿನಲ್ಲಿದೆ, ಆಗ ತುರ್ಕರ ಕೈಯಲ್ಲಿದ್ದ ಊರು, ಮೇಲೆ ಕಾರ್ಮೆಲ್ ಗುಡ್ಡದಲ್ಲಿ ಫಿರಂಗಿ, ಕೆಳಗೆ ಮೆಷಿನ್ ಗನ್. ಬ್ರಿಟಿಷರ ಪರ ಹೋರಾಡುತ್ತಿದ್ದ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್‌ನವರು ಕುದುರೆ ಹತ್ತಿಸಿಕೊಂಡು ಆ ಗುಡ್ಡದ ಫಿರಂಗಿ ಹಿಡಿಯಲು ಹೋದರು, ಜೋಧಪುರದವರು ಕೆಳಗಿನಿಂದ ಈಟಿ ಹಿಡಿದು ನುಗ್ಗಿದರು. ನಮ್ಮ ಮೈಸೂರಿನ ಕುದುರೆ ಅಲ್ಲಿ ಓಡಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ದೆಹಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾ ಹೆಸರು ಸೇರಿಸಿದ್ದು ಇದಕ್ಕೇ.

ಶರಾವತಿ ದಡದವಳು (ಹೊನ್ನಾವರ):

ಹೈಫಾ ಅಂದ ಕೂಡಲೇ ಓದುತ್ತಾ ನಿಂತೆ. ನಮ್ಮ ಅಕ್ಕ ಅಲ್ಲೇ ಇದ್ದಾಳೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆ ಹೋದವರು ಸುಮಾರು ಜನ ಇದ್ದಾರೆ. 2023ರಲ್ಲಿ ಭಾರತ ಆಪರೇಷನ್ ಅಜಯ್ ಅಂತ ವಿಮಾನ ಕಳಿಸಿದಾಗ ನಾವು ಬಾ ಬಾ ಅಂದೆವು. ಅವಳು ಬರಲಿಲ್ಲ. "ಅಜ್ಜಿಯನ್ನು ಯಾರ ಕೈಗೆ ಕೊಟ್ಟು ಬರಲಿ?" ಅಂದಳು.

ಆ ಅಜ್ಜಿ ಮೊರಾಕ್ಕೋದಲ್ಲಿ ಹುಟ್ಟಿದವರು. ಯೆಹೂದಿ, ಆದರೆ ಸಿಟ್ಟು ಬಂದರೆ ಬಾಯಿಗೆ ಬರೋದು ಅರಬ್ಬಿ. 1948ರ ನಂತರ ಅರಬ್ ದೇಶಗಳಲ್ಲಿದ್ದ ಯೆಹೂದಿಗಳು ಲಕ್ಷಗಟ್ಟಲೆ ಜನ ಮನೆ-ಮಠ ಬಿಟ್ಟು ಬರಬೇಕಾಯ್ತು, ಅದರಲ್ಲಿ ಜಾಸ್ತಿ ಜನ ಇಸ್ರೇಲಿಗೆ ಬಂದರು. ಎದುರು ಮನೆ ಡಾಕ್ಟರು ಅರಬ್ ಮುಸ್ಲಿಂ, ಇಸ್ರೇಲಿನ ಪ್ರಜೆಯೇ. ಅಲ್ಲಿ ಐದರಲ್ಲಿ ಒಬ್ಬರು ಹಾಗೆ ಅರಬ್ ಪ್ರಜೆಗಳು. ಇಲ್ಲಿ ಕೂತು ಟಿವಿ ನೋಡಿದರೆ ಇದು ಗೊತ್ತೇ ಆಗಲ್ಲ.

2025ರ ಜೂನ್‌ನಲ್ಲಿ ಇರಾನ್ ಜೊತೆ ಹನ್ನೆರಡು ದಿನ ಯುದ್ಧ ಆಯ್ತಲ್ಲ, ಹೈಫಾಕ್ಕೂ ಕ್ಷಿಪಣಿ ಬಿತ್ತು. ಹೊಸ ಮನೆಗಳಲ್ಲಿ ಮಮಾದ್ ಅಂತ ದಪ್ಪ ಗೋಡೆಯ ಒಂದು ಕೋಣೆ ಇರುತ್ತದೆ, ಸೈರನ್ ಆದರೆ ಅದರೊಳಗೆ ಹೋಗೋದು. ಅಜ್ಜಿಯ ಮನೆ ಹಳೇದು, ಆ ಕೋಣೆ ಇಲ್ಲ. ಅಕ್ಕ ಅವರನ್ನು ಅಪ್ಪಿಕೊಂಡು ಮೆಟ್ಟಿಲ ಕೆಳಗೆ ಕೂತು ನನಗೆ ವಿಡಿಯೋ ಕಾಲ್ ಮಾಡಿದಳು. ಅಜ್ಜಿ ಅವಳ ಸರದ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಆ ಡಾಕ್ಟರರ ಮಗು ಅಳುತ್ತಿತ್ತು. ನಾನು ಇಸ್ರೇಲ್ ಪರವಾ ಅಂತ ಯಾರಾದರೂ ಕೇಳಿದರೆ ನಾನು ಆ ಮೆಟ್ಟಿಲ ಪರ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಮಾವಿನಕುರ್ವೆ (ಭಟ್ಕಳ, ಈಗ ದುಬೈ):

ಉತ್ತರ ಕೊಡೋದಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ನಾನೂ ನವಾಯತ. ನಿಮ್ಮ ಗೆಳೆಯ ನಾನಲ್ಲ, ಆದರೆ "ನೀನೂನಾ" ಅಂತ ನಾನೂ ಬೇರೆಯವರಿಗೆ ಕಳಿಸಿದ್ದೇನೆ.

ನಾನು ನಿಮ್ಮ ಜೊತೆ ಒಪ್ಪಲ್ಲ. ಅಕ್ಟೋಬರ್ 7 ಕೊಲೆಯೇ, ಅದಕ್ಕೆ ಆದರೆ-ಗೀದರೆ ಇಲ್ಲ. ಆಮೇಲೆ ಗಾಜಾದಲ್ಲಿ ಆದದ್ದು? 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ 67,000ಕ್ಕೂ ಜಾಸ್ತಿ ಸಾವು ಅಂತ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕ. ಆ ಲೆಕ್ಕದಲ್ಲಿ ಹೋರಾಟಗಾರರು ಯಾರು, ಸಾಮಾನ್ಯರು ಯಾರು ಅಂತ ಬೇರೆ ಮಾಡಿಲ್ಲ, ಅದು ನನಗೂ ಗೊತ್ತು. ಮಕ್ಕಳನ್ನು ಮಾತ್ರ ಯಾವ ಕಡೆಯಿಂದ ಎಣಿಸಿದರೂ ಮಕ್ಕಳೇ. ನೀವು ನೇಪಾಳದ ಹುಡುಗರ ಬಗ್ಗೆ ಬರೆದಿರಿ, ಒಳ್ಳೆಯದಾಯ್ತು. ಇವರ ಬಗ್ಗೆ ಒಂದು ಸಾಲು ಬರೆದಿದ್ದೀರಾ?

ಆದರೂ ಇಸ್ರೇಲ್ ಪರ ಇದ್ದೀರಿ ಅನ್ನೋದು ನನಗೆ ದೊಡ್ಡ ವಿಷಯ ಅಲ್ಲ. 2020ರಲ್ಲಿ ಯುಎಇ ಮತ್ತು ಇಸ್ರೇಲ್ ನಡುವೆ ಒಪ್ಪಂದ ಆದ ಮೇಲೆ ಇಲ್ಲಿ ದುಬೈಯಲ್ಲಿ ಇಸ್ರೇಲಿಗಳು ನಮ್ಮ ಅಂಗಡಿಗೇ ಬರುತ್ತಾರೆ, ನಾನೇ ಅವರಿಗೆ ಸೆಂಟ್ ಬಾಟ್ಲಿ ಪ್ಯಾಕ್ ಮಾಡಿ ಕೊಡುತ್ತೇನೆ, ಶಲೋಮ್ ಅನ್ನುತ್ತೇನೆ. ವ್ಯಾಪಾರ ವ್ಯಾಪಾರವೇ. ನನಗೆ ಗೊತ್ತಾಗಬೇಕಾದ್ದು ಬೇರೆ. ನಿಮ್ಮ ನೆಂಟರು ನಮ್ಮ ಊರಿನ ಬಗ್ಗೆ ಆ ಸಾಲು ಸೇರಿಸಿದರಲ್ಲ, ಅದರ ಕೆಳಗೆ ನೀವೇನು ಬರೆದಿರಿ? ಪ್ರಶ್ನೆಯಲ್ಲಿ ಅದನ್ನು ಹೇಳೇ ಇಲ್ಲ.

ಅಡಿಕೆ ಸೋಗೆ (ಶಿರಸಿ):

ಏನೂ ಬರೆದಿರಲಿಲ್ಲ. ದೊಡ್ಡವರು, ಮದುವೆ-ಮುಂಜಿಗೆ ಎದುರು ಸಿಗುವವರು ಅಂತ ಸುಮ್ಮನಿದ್ದೆ.

ಖಡಕ್ ಕಡಲು:

ನೆಂಟರ ಎದುರು ಮಾತಾಡೋಕೆ ಆಗಲ್ಲ, ಇಸ್ರೇಲ್‌ಗೆ ಬೆಂಬಲ ಕೊಡ್ತೀನಿ ಅಂತೀರಿ 😄

ಕುಡ್ಲೆ ಬದಿ (ಗೋಕರ್ಣ):

ಖಡಕ್ ಅಣ್ಣ ಮೊದಲ ಸಲ ಸರಿಯಾದ ಮಾತು ಹೇಳಿದರು.

ಅಡಿಕೆ ಸೋಗೆ (ಶಿರಸಿ), ಒಂಬತ್ತು ದಿನದ ನಂತರ:

ಏನಾಯ್ತು ಅಂತ ಇಬ್ಬರು ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಮನೆತನದ ಗುಂಪಿನಲ್ಲಿ ಹಾಕಿದೆ: "ಇಸ್ರೇಲ್ ಬಗ್ಗೆ ಬರೆದದ್ದು ನನ್ನದು. ಮೇಲಿನ ಭಟ್ಕಳದ ಸಾಲು ನನ್ನದಲ್ಲ, ಅದು ನನಗೆ ಒಪ್ಪಿಗೆಯೂ ಇಲ್ಲ. ದಯವಿಟ್ಟು ನನ್ನ ಬರಹದ ಜೊತೆ ಅದನ್ನು ಅಂಟಿಸಬೇಡಿ." ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಶುಭೋದಯದ ಗುಲಾಬಿ ಹೂವು ಕಳಿಸಿದರು, ಮಧ್ಯಾಹ್ನ ಮೂರಕ್ಕೆ. ನೆಂಟರು ಗುಂಪು ಬಿಟ್ಟು ಹೋದರು. ಆಯಿಗೆ ಫೋನ್ ಮಾಡಿ "ನಿನ್ನ ಮಗ ದೊಡ್ಡ ಮನುಷ್ಯ ಆಗಿದ್ದಾನೆ" ಅಂದರಂತೆ. ಆಯಿ "ಹೌದು, ನಲವತ್ತಾಯ್ತಲ್ಲ" ಅಂದು ಇಟ್ಟರಂತೆ.

ಅದೇ ಮಾತನ್ನು ಹಾಸ್ಟೆಲ್ ಗುಂಪಿಗೂ ಹಾಕಿ ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿ ಹತ್ತಕ್ಕೆ ಅವನೇ ಮಾಡಿದ. ಮುಕ್ಕಾಲು ಗಂಟೆ ಜಗಳ, ಗಾಜಾ ಬಗ್ಗೆಯೇ. ಅವನು ಒಂದಿಂಚು ಸರಿಯಲಿಲ್ಲ, ನಾನೂ ಸರಿಯಲಿಲ್ಲ. ಆಸ್ಪತ್ರೆಗಳ ಬಗ್ಗೆ ಅವನು ಕೇಳಿದ ಎರಡು ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, ಓದಿ ಹೇಳುತ್ತೇನೆ ಅಂದೆ. ಒತ್ತೆಯಾಳುಗಳ ಬಗ್ಗೆ ನಾನು ಕೇಳಿದ್ದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಾದ. ನಡುವೆ ಒಂದು ಸಲ ಫೋನ್ ಕಟ್ ಆಯ್ತು, ಸಿಟ್ಟು ಮಾಡಿಕೊಂಡು ಇಟ್ಟ ಅಂದುಕೊಂಡೆ. ಇಲ್ಲ, ನಮ್ಮ ಊರಿನ ಟವರ್ ಹೋಗಿತ್ತು, ಕರೆಂಟ್ ಇಲ್ಲದ್ದಕ್ಕೆ.

ಮತ್ತೆ ಲೈನ್ ಸಿಕ್ಕಾಗ ಅವನು ಕೇಳಿದ್ದು, ಈ ಸಲ ಮಿಡಿ ಜೀರಿಗೆ ಪರಿಮಳದ್ದಾ ಅಥವಾ ಹೋದ ವರ್ಷದ ಹಾಗೆ ಬರೀ ಹುಳಿಯಾ ಅಂತ. ಭಾನುವಾರ ಬಾಟ್ಲಿ ತಗೊಂಡು ದೇವಿಮನೆ ಘಾಟಿ ಇಳಿಯುತ್ತೇನೆ. ಹೋದ ವರ್ಷದ ಖಾಲಿ ಬಾಟ್ಲಿ ಮರೆಯದೆ ತಗೊಂಡು ಬಾ ಅಂತ ಆಯಿ ಹೇಳಿದ್ದಾರೆ.