ಫೇರ್ ಟ್ರೇಡ್ ಕಾಫಿ: ಹಣ್ಣು ಕುಯ್ಯುವವರಿಗೆ ಸಿಗುವುದೇನು?

ಮುಲುಂಡ್ ಮಲೆನಾಡಿಗ: ಬಾಂದ್ರಾದಿಂದ ಫೇರ್ ಟ್ರೇಡ್ ಮುದ್ರೆಯ ಕಾಫಿ ಪುಡಿ ತಂದೆ. ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಹಾಕುವ ಮುದ್ರೆ ಅದು. ಮಾಟುಂಗಾದಲ್ಲಿ ಬೀಸಿಸುವ ಪುಡಿಗಿಂತ ಬೆಲೆ ಜಾಸ್ತಿ. ಆದರೂ ಕೊಟ್ಟೆ. 2023ರ ಆಗಸ್ಟ್‌ನಿಂದ ತೊಳೆದ ಅರೇಬಿಕಾ ಕಾಫಿ ಬೀಜಕ್ಕೆ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ ಅಂತ ಅವರು ಗೊತ್ತು ಮಾಡಿದರು. ಅದರ ಮೇಲೆ 20 ಸೆಂಟ್ ರೈತರ ಸಂಘಕ್ಕೆ. ನಾವು ಕುಡಿಯುವ ಕಾಫಿಯಲ್ಲಿ ಬೆಳೆದವನೂ ಬದುಕಬೇಕು, ಅಲ್ವಾ?

ಠಾಣೆ ಪ್ಲಾಂಟರ್ ಮಗ: "ಕನಿಷ್ಠ ಬೆಲೆ"! 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ರೇಟು 4 ಡಾಲರ್ ದಾಟಿತ್ತು. ಆಗ ನಿಮ್ಮ 1.80 ಯಾರಿಗೆ ಬೇಕಿತ್ತು? ಅದೂ ಹಡಗು ಹತ್ತುವಾಗಿನ ಬೆಲೆ, ರೈತನ ಕೈಗೆ ಬರುವ ದುಡ್ಡಲ್ಲ.

ಮುಲುಂಡ್ ಮಲೆನಾಡಿಗ: 2001ರಲ್ಲಿ 50 ಸೆಂಟ್‌ಗಿಂತ ಕೆಳಗೆ ಬಿದ್ದಿತ್ತು, ಮರೆತಿರಾ? ಅಂಥ ವರ್ಷಕ್ಕೇ ಈ ಆಸರೆ.

ಪುಣೆಯ ಸಕಲೇಶಪುರದವಳು: ಇಬ್ಬರೂ ರೈತ ರೈತ ಅಂತೀರಿ. ಹಣ್ಣು ಕುಯ್ಯುವವರ ಮಾತೇ ಇಲ್ಲ. ನಮ್ಮಮ್ಮ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವರು. ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯದವರು ಇಥಿಯೋಪಿಯಾ, ಉಗಾಂಡಾದಲ್ಲಿ ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟಿದ್ದರು. ಫೇರ್ ಟ್ರೇಡ್ ಇದ್ದ ಕಡೆಯೇ ಕೂಲಿಯವರಿಗೆ ಕಡಿಮೆ ಸಿಗುತ್ತಿತ್ತು. ಮಾಲೀಕರು ತಾವಾಗಿ ಕೂಲಿ ಏರಿಸಿದ್ದನ್ನು ನಾನಂತೂ ಕಂಡಿಲ್ಲ.

ಡೊಂಬಿವಲಿ ಹೋಟೆಲಿನವ: "ಮಾಲೀಕರು" ಅಂತ ಎಲ್ಲರನ್ನೂ ಒಂದೇ ಗೋಣಿಗೆ ತುಂಬಬೇಡಿ ಅಕ್ಕ. 12ನೇ ವಯಸ್ಸಿಗೆ ಕುಂದಾಪುರದಿಂದ ಬಂದು ಲೋಟ ತೊಳೆದವನು ನಾನು. ಧಣಿಗಳು ಊಟ ಕೊಟ್ಟರು, ಮಲಗಲು ಜಾಗ ಕೊಟ್ಟರು, ಕನ್ನಡ ರಾತ್ರಿ ಶಾಲೆಗೆ ಕಳಿಸಿದರು. ಅದಕ್ಕೆ ಯಾವ ಮುದ್ರೆ ಇತ್ತು?

ಪುಣೆಯ ಸಕಲೇಶಪುರದವಳು: 12 ವರ್ಷದ ಹುಡುಗ ಲೋಟ ತೊಳೆದದ್ದು ಉಪಕಾರವಾ? ಸಂಬಳ ಎಷ್ಟಿತ್ತು, ಅದನ್ನು ಹೇಳಿ.

ಡೊಂಬಿವಲಿ ಹೋಟೆಲಿನವ: ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ತಂಗಿಯ ಮದುವೆ ಆದದ್ದೇ ಅದರಲ್ಲಿ. ನನಗೆ ಅನ್ನ ಹಾಕಿದವರ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಠಾಣೆ ಪ್ಲಾಂಟರ್ ಮಗ: ಸರಿಯಾಗಿ ಹೇಳಿದಿರಿ. ನಮ್ಮ ತೋಟದಲ್ಲೂ ಮನೆ, ಔಷಧಿ ಎಲ್ಲ ಕೊಡುತ್ತಾ ಬಂದಿದ್ದೇವೆ.

ಪುಣೆಯ ಸಕಲೇಶಪುರದವಳು: ಕೊಡುತ್ತಾ ಬಂದಿದ್ದೀರಾ? 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು, ಕೊಟ್ಟಿರಿ. ಅಮ್ಮ ಇದ್ದ ಲೈನಿನಲ್ಲಿ ಮಳೆಗಾಲ ಪೂರ್ತಿ ಸೋರುತ್ತಿತ್ತು. ಮೇಸ್ತ್ರಿಗೆ ಹೇಳಿದರೆ ಲೆಕ್ಕ ಬರೆಯುವ ರೈಟರಿಗೆ ಹೇಳು ಅನ್ನೋರು, ರೈಟರಿಗೆ ಹೇಳಿದರೆ ಸಾಹುಕಾರರು ಬರಲಿ ಅನ್ನೋರು. ಹೆಂಚು ಬದಲಾಗಲೇ ಇಲ್ಲ.

ಠಾಣೆ ಪ್ಲಾಂಟರ್ ಮಗ: ಅದು ನಮ್ಮ ತೋಟ ಅಲ್ಲವಲ್ಲ.

ಮುಲುಂಡ್ ಮಲೆನಾಡಿಗ: ವಿಷಯ ಎಲ್ಲಿಗೋ ಹೋಯಿತು. ಸೋಯಾಸ್‌ನವರು ಸಣ್ಣ ಹಿಡುವಳಿಗಳನ್ನು ದೊಡ್ಡ ತೋಟಗಳ ಜೊತೆ ಹೋಲಿಸಿದ್ದೇ ತಪ್ಪು ಅಂತ ಫೇರ್ ಟ್ರೇಡ್‌ನವರು ಆಗಲೇ ಉತ್ತರ ಕೊಟ್ಟಿದ್ದಾರೆ.

ಪುಣೆಯ ಸಕಲೇಶಪುರದವಳು: ಸಣ್ಣ ಹಿಡುವಳಿಯಲ್ಲೂ ಕುಯ್ಲಿಗೆ ಆಳು ಬೇಕು ಸಾರ್. ಆ ಆಳಿಗೆ ಎಷ್ಟು ಅಂತ ನಿಮ್ಮ ಪ್ಯಾಕೆಟ್ ಹಿಂದೆ ಬರೆದಿದೆಯಾ?

ಡೊಂಬಿವಲಿ ಹೋಟೆಲಿನವ: ಅಕ್ಕ, ರಾತ್ರಿ ಶಾಲೆಯ ಮಾತಿಗೆ ನೀವು ಉತ್ತರವೇ ಕೊಡಲಿಲ್ಲ.

ಪುಣೆಯ ಸಕಲೇಶಪುರದವಳು: ನೀವು ಸಂಬಳದ ಮಾತಿಗೆ ಕೊಡಿ, ನಾನೂ ಕೊಡುತ್ತೇನೆ.